ಸ್ರೆಬ್ರೆನಿಕಾ: ಒಬ್ಬನ ಮೂಳೆ ಹಲವು ಗುಂಡಿಗಳಲ್ಲಿ

1995ರ ಜುಲೈ 11ರಂದು ಬೋಸ್ನಿಯಾದ ಸ್ರೆಬ್ರೆನಿಕಾ ಪಟ್ಟಣ ಬೋಸ್ನಿಯಾದ ಸರ್ಬ್ ಪಡೆಗಳ ಕೈಸೇರಿತು. ಮುಂದಿನ ಕೆಲವೇ ದಿನಗಳಲ್ಲಿ ಸುಮಾರು ಎಂಟು ಸಾವಿರ ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದರು. ಹೂತಲ್ಲೇ ಬಿಟ್ಟಿದ್ದರೆ ಗುರುತು ಹಚ್ಚುವ ಕೆಲಸ ಇಷ್ಟು ಸಿಕ್ಕಾಗುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಅಮೆರಿಕ ಹೂತ ಜಾಗಗಳ ಆಕಾಶದಿಂದ ತೆಗೆದ ಚಿತ್ರಗಳನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. ಕೊಂದವರು ಸಾಕ್ಷ್ಯ ಅಡಗಿಸಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಗೆಯುವ ಯಂತ್ರ ತಂದು, ಕೊಳೆಯುತ್ತಿದ್ದ ಹೆಣಗಳನ್ನು ಬಗೆದು, ಲಾರಿಗೆ ತುಂಬಿ ದೂರದಲ್ಲಿ ಮತ್ತೆ ಹೂತರು. ಯಂತ್ರದ ಬಕೆಟ್ಟಿನ ಹಲ್ಲಿಗೆ ಸಿಕ್ಕ ದೇಹ ಇಡಿಯಾಗಿ ಬರುವುದಿಲ್ಲ. ಸೊಂಟ ಒಂದು ಲಾರಿಗೆ, ಬುರುಡೆ ಇನ್ನೊಂದಕ್ಕೆ.

ಎರಡು ಗುಂಡಿಗಳ ನಂಟನ್ನು ಬಿಟ್ಟುಕೊಟ್ಟದ್ದು ಜುಜುಬಿ ವಸ್ತುಗಳೇ. ಮೊದಲು ಹೂತಿದ್ದ ಕೊಜ್ಲುಕ್‌ನ ಗುಂಡಿ ಇದ್ದದ್ದು ಪಾನೀಯ ಕಾರ್ಖಾನೆಯ ಒಡೆದ ಬಾಟಲಿ ಸುರಿದಿದ್ದ ಜಾಗದಲ್ಲಿ. ಅದೇ ಹಸಿರು ಗಾಜು ಮತ್ತೆ ಹೂತ ಚಾಂಚಾರಿ ರಸ್ತೆಯ ಒಂದು ಗುಂಡಿಯಲ್ಲೂ ಸಿಕ್ಕಿತು.

ಆದರೆ ಇದು ಯಾರ ಮೂಳೆ? ಮೊದಲು ಬಟ್ಟೆ, ಸಾಮಾನುಗಳ ಫೋಟೊ ತೋರಿಸಿ ಬಂಧುಗಳನ್ನು ಕೇಳುತ್ತಿದ್ದರು. ಆದರೆ ಊರು ಬೀಳುವ ಮುನ್ನ ಮುತ್ತಿಗೆಯ ಕಾಲದಲ್ಲಿ ಅಂಗಿ, ಸ್ವೆಟರ್ ಕೈಯಿಂದ ಕೈಗೆ ದಾಟಿದ್ದವು. ಆ ಗುರುತು ನೆಚ್ಚುವಂಥದ್ದಲ್ಲ. 1996ರಲ್ಲಿ ಹುಟ್ಟಿದ ನಾಪತ್ತೆಯಾದವರ ಅಂತರರಾಷ್ಟ್ರೀಯ ಆಯೋಗ ಡಿಎನ್‌ಎ ದಾರಿ ಹಿಡಿಯಿತು. 2001ರ ನವೆಂಬರ್‌ನಲ್ಲಿ ಮೂಳೆಯ ಡಿಎನ್‌ಎಗೂ ಬಂಧುಗಳ ಡಿಎನ್‌ಎಗೂ ಮೊದಲ ಹೊಂದಿಕೆ ಸಿಕ್ಕಿತು. ತೊಡೆಮೂಳೆ ಅಥವಾ ಹಲ್ಲಿನ ಮೇಲ್ಪದರ ಉಜ್ಜಿ ತೆಗೆದು, ಮುಟ್ಟಿದವರ ಡಿಎನ್‌ಎ ಉಳಿಯದಂತೆ ಬ್ಲೀಚಿನಲ್ಲಿ ತೊಳೆದು, ಪುಡಿ ಮಾಡುತ್ತಾರೆ. ಬಂಧುಗಳದ್ದು ಬೆರಳಿನ ನಾಲ್ಕು ಹನಿ ರಕ್ತ. ಹೊಂದಿಕೆಯ ಖಚಿತತೆ ಶೇ 99.95 ಮುಟ್ಟಬೇಕು. ಹೆಂಡತಿಯ ರಕ್ತವೊಂದೇ ಉಪಯೋಗಕ್ಕೆ ಬಾರದು, ಮಕ್ಕಳದ್ದೂ ಜೊತೆಗೆ ಬೇಕು. ಮದುವೆಯಾಗದ ಅಣ್ಣತಮ್ಮಂದಿರಿಬ್ಬರೂ ಸತ್ತು ತಂದೆತಾಯಿ ಮಾತ್ರ ಉಳಿದಿದ್ದರೆ, ಮೂಳೆ ಆ ಮನೆಯದ್ದೆಂದಷ್ಟೇ ಡಿಎನ್‌ಎ ಹೇಳುತ್ತದೆ. ಇಬ್ಬರಲ್ಲಿ ಯಾರದ್ದೆಂದು ಮೂಳೆಯ ವಯಸ್ಸು, ಎತ್ತರ ನೋಡಿಯೇ ತೀರ್ಮಾನಿಸಬೇಕು.

ಕಷ್ಟದ ಮಾತು ಆಮೇಲೆ ಬರುತ್ತದೆ. ತಾಯಿಗೆ ಕರೆ ಹೋಗುತ್ತದೆ: ಮಗ ಸಿಕ್ಕಿದ್ದಾನೆ, ಸಿಕ್ಕಿದ್ದು ಒಂದು ಕಾಲಿನ ಮೂಳೆ. ಈಗಲೇ ಮಣ್ಣು ಮಾಡುವುದೋ, ಉಳಿದದ್ದಕ್ಕೆ ಕಾಯುವುದೋ? ನಿರ್ಧಾರ ಮನೆಯವರದ್ದೇ. ಸ್ರೆಬ್ರೆನಿಕಾ ಪಕ್ಕದ ಪೊಟೊಚಾರಿ ಸ್ಮಾರಕದಲ್ಲಿ 2003ರ ಮಾರ್ಚ್ 31ರಂದು ಮೊದಲ 600 ಮಂದಿಯನ್ನು ಹೂಳಲಾಯಿತು. ಈಗ ಪ್ರತಿ ಜುಲೈ 11ರಂದು ಹೊಸದಾಗಿ ಗುರುತಾದವರ ಸರದಿ. ಹೂತ ಮೇಲೆ ಇನ್ನೊಂದು ಗುಂಡಿಯಲ್ಲಿ ಅದೇ ಮನುಷ್ಯನ ಪಕ್ಕೆಲುಬು ಸಿಕ್ಕರೆ, ಮನೆಯವರು ಒಪ್ಪಿದರೆ, ಗೋರಿ ಬಿಚ್ಚಿ ಅದನ್ನೂ ಸೇರಿಸುತ್ತಾರೆ.