ನೀರಿನ ಮೇಲೆ ಜಿಗಿದ ಗುಂಡು: ಪೋರ್ಚುಗೀಸರ ಕಡಲಯುದ್ಧದ ಭೌತವಿಜ್ಞಾನ

ಪೋರ್ಚುಗಲ್ಲನ್ನು 1481ರಿಂದ 1495ರವರೆಗೆ ಆಳಿದ ಎರಡನೆಯ ಜೊವಾವ್ ದೊರೆಯ ಬಗ್ಗೆ ಅವನ ಆಸ್ಥಾನದಲ್ಲೇ ಬೆಳೆದ ಗಾರ್ಸಿಯಾ ದ ರೆಸೆಂದೆ ಒಂದು ವೃತ್ತಾಂತ ಬರೆದಿಟ್ಟಿದ್ದಾನೆ. ಅದರಲ್ಲಿ ಒಂದು ಪ್ರಯೋಗದ ವಿಷಯ ಬರುತ್ತದೆ. ಲಿಸ್ಬನ್ನಿನ ದಕ್ಷಿಣಕ್ಕಿರುವ ಸೆತುಬಲ್ ಬಂದರಿನಲ್ಲಿ ದೊರೆ ಸಣ್ಣ ಕ್ಯಾರವೆಲ್ ಹಡಗುಗಳ ಮೇಲೆ ಭಾರಿ ಫಿರಂಗಿಗಳನ್ನು ಕೂರಿಸಿದ. ಗುಂಡು ನೀರನ್ನು ಸವರಿಕೊಂಡೇ ಹೋಗುವಷ್ಟು ತಗ್ಗಿನಲ್ಲಿ ಅವುಗಳನ್ನು ಹಾರಿಸಿ ನೋಡಿದ. ಅಷ್ಟು ಚಿಕ್ಕ ಹಡಗು ದೊಡ್ಡ ಹಡಗುಗಳನ್ನು ಎದುರಿಸಬಲ್ಲದು ಎಂಬುದು ಅವನಿಗೆ ಖಚಿತವಾಯಿತು. ಮುಂದೆ ಅರಬ್ಬಿ ಸಮುದ್ರದಲ್ಲಿ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಈ ಪ್ರಯೋಗಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುವುದಿಲ್ಲ.

ಆವರೆಗೆ ಕಡಲ ಮೇಲಿನ ಯುದ್ಧವೆಂದರೆ ಬಹುಮಟ್ಟಿಗೆ ನೆಲದ ಯುದ್ಧವೇ. ಎರಡು ಹಡಗುಗಳು ಒಂದಕ್ಕೊಂದು ತಾಗಬೇಕು, ಕೊಂಡಿ ಹಗ್ಗಗಳಿಂದ ಎದುರಾಳಿಯನ್ನು ಸೆಳೆದುಕೊಳ್ಳಬೇಕು, ಕತ್ತಿ ಹಿಡಿದು ಅತ್ತ ನೆಗೆಯಬೇಕು. ಹಾಗಾಗಿ ಹಡಗಿನ ಹಿಂದೆ ಮುಂದೆ ಎತ್ತರದ ಅಟ್ಟಣಿಗೆಗಳಿರುತ್ತಿದ್ದವು. ಫಿರಂಗಿಗಳೂ ಅಲ್ಲೇ ಮೇಲೆ ಇರುತ್ತಿದ್ದವು. ಅವು ಚಿಕ್ಕವು, ಮನುಷ್ಯರನ್ನು ಕೊಲ್ಲಲು ಮಾತ್ರ ಸಾಲುವಂಥವು. ಜೊವಾವ್ ದೊರೆಯ ಗುರಿ ಮನುಷ್ಯರಾಗಿರಲಿಲ್ಲ, ಹಡಗಿನ ಒಡಲೇ ಆಗಿತ್ತು.

ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿ ಜಿಗಿಸುವ ಆಟವನ್ನು ಎಲ್ಲರೂ ಆಡಿರುತ್ತೇವೆ. ಫಿರಂಗಿಯ ಗುಂಡು ಚಪ್ಪಟೆಯಲ್ಲ, ಆದರೂ ಅದೂ ಜಿಗಿಯುತ್ತದೆ. ವೇಗವಾಗಿ ಬಂದ ಗುಂಡು ನೀರಿಗೆ ತಾಗಿದಾಗ ನೀರಿಗೆ ಪಕ್ಕಕ್ಕೆ ಸರಿಯುವಷ್ಟು ಸಮಯ ಸಿಗುವುದಿಲ್ಲ. ಅದು ಗುಂಡಿನ ಕೆಳಮೈಯನ್ನು ಮೇಲಕ್ಕೆ ಒತ್ತುತ್ತದೆ. ಗುಂಡು ಬಂದ ಕೋನ ಕಿರಿದಾಗಿದ್ದರೆ ಈ ಒತ್ತಡವೇ ಗೆದ್ದು, ಗುಂಡು ಪೂರ್ತಿ ಮುಳುಗುವ ಮೊದಲೇ ಮೇಲೆದ್ದು ಹೋಗುತ್ತದೆ. ಕೋನ ಒಂದು ಮಿತಿಯನ್ನು ಮೀರಿದರೆ ನೇರ ತಳಕ್ಕೆ. ಆ ಮಿತಿಯನ್ನು ಇಪ್ಪತ್ತನೆಯ ಶತಮಾನದ ಸಂಶೋಧಕರು ಒಂದು ಸರಳ ಸೂತ್ರದಲ್ಲಿ ಹೇಳಿದ್ದಾರೆ: 18 ಡಿಗ್ರಿಯನ್ನು ಗುಂಡಿನ ಸಾಪೇಕ್ಷ ಸಾಂದ್ರತೆಯ ವರ್ಗಮೂಲದಿಂದ ಭಾಗಿಸಿ. ವೇಗ ಸಾಕಷ್ಟು ಇರುವವರೆಗೆ, ಎಷ್ಟು ವೇಗ, ಗುಂಡು ಎಷ್ಟು ದಪ್ಪ ಎಂಬುದು ಹೆಚ್ಚೇನೂ ಮುಖ್ಯವಲ್ಲ. ಎರಕದ ಕಬ್ಬಿಣ ನೀರಿಗಿಂತ ಸುಮಾರು 7.2 ಪಟ್ಟು ಭಾರ, ಆದ್ದರಿಂದ ಅದರ ಮಿತಿ 7 ಡಿಗ್ರಿಗಿಂತ ತುಸು ಕಡಿಮೆ. ಕಗ್ಗಲ್ಲಿನ ಗುಂಡಿಗೆ ಸುಮಾರು 11 ಡಿಗ್ರಿ. ಅಂದರೆ ಹಳೆಯ ಕಾಲದ್ದೆಂದು ನಾವು ಬದಿಗಿಡುವ ಕಲ್ಲಿನ ಗುಂಡೇ ನೀರಿನ ಮೇಲೆ ಹೆಚ್ಚು ಸುಲಭವಾಗಿ ಜಿಗಿಯುತ್ತದೆ. ಪೋರ್ಚುಗೀಸರು ಹಡಗುಗಳ ಮೇಲೆ ಬಳಸಿದ ದೊಡ್ಡ ಫಿರಂಗಿಗಳಲ್ಲಿ ಅನೇಕವು ಕಲ್ಲನ್ನೇ ಉಗುಳುತ್ತಿದ್ದವು.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಫಿರಂಗಿ ನೀರಿನ ಮಟ್ಟದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ, ಗುಂಡು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಅಡ್ಡಡ್ಡ ಹೊರಟಿದೆ ಎಂದಿಟ್ಟುಕೊಳ್ಳಿ. ಒಂದೂವರೆ ಮೀಟರ್ ಕೆಳಗೆ ಬೀಳಲು ಅದಕ್ಕೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟರಲ್ಲಿ ಅದು 165 ಮೀಟರಿನಷ್ಟು ದೂರ ಹೋಗಿರುತ್ತದೆ. ನೀರಿಗೆ ತಾಗುವಾಗ ಅದರ ಕೋನ ಸುಮಾರು ಒಂದು ಡಿಗ್ರಿ ಮಾತ್ರ. ಜಿಗಿಯಲೇಬೇಕು. ಒಮ್ಮೆ ಜಿಗಿದ ಗುಂಡು ವೇಗ ಕಳೆದುಕೊಳ್ಳುತ್ತಾ ಮತ್ತೆ ಮತ್ತೆ ಜಿಗಿಯುತ್ತದೆ. ಅದರ ದಾರಿಯುದ್ದಕ್ಕೂ ನೀರಿನಿಂದ ಒಂದೆರಡು ಮೀಟರ್ ಎತ್ತರದೊಳಗೆ ಏನಿದ್ದರೂ ಪೆಟ್ಟು ತಿನ್ನಲೇಬೇಕು. ಇದರ ನಿಜವಾದ ಲಾಭ ಇಲ್ಲಿದೆ. ಅಲುಗಾಡುವ ಹಡಗಿನಿಂದ ದೂರವನ್ನು ಅಂದಾಜು ಮಾಡುವುದು ಆ ಕಾಲದ ತೋಪಿನವನಿಗೆ ಅಸಾಧ್ಯಕ್ಕೆ ಸಮನಾದ ಕೆಲಸವಾಗಿತ್ತು. ತಗ್ಗಿನಲ್ಲಿ ಹಾರುವ ಗುಂಡಿಗೆ ದೂರ ಬೇಕಿಲ್ಲ, ದಿಕ್ಕು ಸರಿಯಿದ್ದರೆ ಸಾಕು. ಎತ್ತರದ ಅಟ್ಟಣಿಗೆಯಿಂದ ಹತ್ತಿರದ ಹಡಗಿನ ಬುಡಕ್ಕೆ ಗುರಿಯಿಟ್ಟವನಿಗೆ ಈ ಅನುಕೂಲವಿಲ್ಲ. ಅವನು ಫಿರಂಗಿಯನ್ನು ಕೆಳಕ್ಕೆ ಬಾಗಿಸಬೇಕು, ಗುರಿ ತುಸು ತಪ್ಪಿದರೆ ಗುಂಡು ನೀರಿನೊಳಗೆ ಮುಳುಗುತ್ತದೆ.

ಭಾರವಾದ ಫಿರಂಗಿಯನ್ನು ಕೆಳಗೆ ಇಡುವುದರಿಂದ ಇನ್ನೊಂದು ಉಪಕಾರವೂ ಆಯಿತು. ಹಡಗಿನ ಗುರುತ್ವಕೇಂದ್ರ ಕೆಳಗಿಳಿದು, ಸಿಡಿತದ ಹಿನ್ನೊದೆತಕ್ಕೆ ಹಡಗು ಮಗುಚುವ ಭಯ ಕಡಿಮೆಯಾಯಿತು. ಆದರೆ ಆ ಒದೆತವನ್ನು ತಾಳಿಕೊಳ್ಳಲು ಒಡಲು ಗಟ್ಟಿಯಾಗಿರಬೇಕು. ಪೋರ್ಚುಗೀಸರ ಹಡಗುಗಳಲ್ಲಿ ಮೊದಲು ದಪ್ಪ ಮರದ ಪಕ್ಕೆಲುಬುಗಳ ಚೌಕಟ್ಟು ಕಟ್ಟಿ, ಅದಕ್ಕೆ ಹಲಗೆಗಳನ್ನು ಕಬ್ಬಿಣದ ಮೊಳೆಗಳಿಂದ ಬಿಗಿಯುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿಯ ಅನೇಕ ಹಡಗುಗಳು ತೆಂಗಿನ ನಾರಿನ ಹುರಿಯಿಂದ ಹಲಗೆಗೆ ಹಲಗೆ ಹೊಲಿದು ಮಾಡಿದಂಥವು. ಇದನ್ನು ಹಿಂದುಳಿದ ತಂತ್ರವೆಂದು ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹೊಲಿದ ಒಡಲು ಬಾಗುತ್ತದೆ, ಮರಳುದಿಣ್ಣೆಗೆ ತಾಗಿದರೂ ಸೀಳುವುದಿಲ್ಲ, ಅಲೆ ಹೊಡೆಯುವ ದಂಡೆಯ ಮೇಲೆ ಎಳೆದು ನಿಲ್ಲಿಸಬಹುದು. ವ್ಯಾಪಾರಕ್ಕೂ ಈ ಕರಾವಳಿಗೂ ಅದು ಶತಮಾನಗಳ ಅನುಭವದಿಂದ ಒಗ್ಗಿದ ರಚನೆ. ದೊಡ್ಡ ಫಿರಂಗಿಯ ಒದೆತವನ್ನು ಮಾತ್ರ ಅದು ತಾಳಲಾರದು, ಯಾಕೆಂದರೆ ಅಂಥದ್ದೊಂದು ಬಳಕೆ ಯಾರ ಮನಸ್ಸಿನಲ್ಲೂ ಇರಲಿಲ್ಲ.

1500ರಲ್ಲಿ ಪೋರ್ಚುಗೀಸ್ ನೌಕಾನಾಯಕ ಕಬ್ರಾಲ್ ಭಾರತಕ್ಕೆ ಹೊರಟಾಗ, ಜೊವಾವ್ ನಂತರ ಪಟ್ಟಕ್ಕೆ ಬಂದ ಮನುವೆಲ್ ದೊರೆ ಅವನ ಕೈಗೆ ಲಿಖಿತ ಆದೇಶ ಕೊಟ್ಟ. ಎದುರಾಳಿ ಹಡಗುಗಳ ಹತ್ತಿರ ಸಾಧ್ಯವಾದಷ್ಟು ಹೋಗಬೇಡ, ಫಿರಂಗಿಯಿಂದಲೇ ಅವರು ಹಾಯಿ ಇಳಿಸುವಂತೆ ಮಾಡು, ಹಾಗೆ ಮಾಡಿದರೆ ನಮ್ಮ ಜನ ಕಡಿಮೆ ಸಾಯುತ್ತಾರೆ ಎಂಬುದು ಅದರ ತಾತ್ಪರ್ಯ. ಸಣ್ಣ ದೇಶ, ತಿಂಗಳುಗಟ್ಟಲೆ ದೂರದ ಪಯಣ, ಸತ್ತವನ ಜಾಗಕ್ಕೆ ಇನ್ನೊಬ್ಬನನ್ನು ತರಲು ವರ್ಷ ಬೇಕು. ದೂರದಿಂದ ಹೊಡೆಯುವ ತಂತ್ರ ಈ ಲೆಕ್ಕದಿಂದ ಹುಟ್ಟಿದ್ದು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಕಲ್ಲಿಕೋಟೆಯಲ್ಲಿದ್ದ ಪೋರ್ಚುಗೀಸರ ಕೋಠಿಯ ಮೇಲೆ ದಾಳಿ ನಡೆದ ಬಳಿಕ, ಕಬ್ರಾಲ್ ಆ ಊರಿನ ಮೇಲೆಯೇ ಗುಂಡು ಹಾರಿಸಿದ. ಕಡಲ ಕಡೆಗೆ ಕೋಟೆಯೇ ಇಲ್ಲದ ವ್ಯಾಪಾರದ ಊರು ಅದು.

ಈ ತಂತ್ರ ಪೂರ್ಣ ರೂಪದಲ್ಲಿ ಕಂಡದ್ದು 1509ರ ಫೆಬ್ರವರಿ 3ರಂದು, ಗುಜರಾತಿನ ದಿಯು ಬಂದರಿನಲ್ಲಿ. ಅದಕ್ಕೊಂದು ಹಿನ್ನೆಲೆಯಿದೆ. ಹಿಂದಿನ ವರ್ಷ ಚೌಲ್‌ನ ನದೀಮುಖದಲ್ಲಿ ಈಜಿಪ್ಟಿನ ಮಾಮ್ಲೂಕರ ನೌಕಾಪಡೆ ಮತ್ತು ದಿಯುವಿನ ಆಡಳಿತಗಾರ ಮಲಿಕ್ ಅಯಾಜ್‌ನ ದೋಣಿಗಳು ಸೇರಿ ಪೋರ್ಚುಗೀಸರನ್ನು ಸೋಲಿಸಿದ್ದವು. ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡನ ಮಗ ಲೊರೆನ್ಸೊ ಅಲ್ಲಿ ಸತ್ತ. ಮೀನುಗಾರರು ಬಲೆ ಕಟ್ಟಲು ನೀರಿನಲ್ಲಿ ನೆಟ್ಟಿದ್ದ ಗೂಟಗಳಿಗೆ ಅವನ ಹಡಗು ಸಿಕ್ಕಿಕೊಂಡಿತ್ತು. ಅಲುಗದ ಹಡಗಿನಲ್ಲಿ ಫಿರಂಗಿ ಇದ್ದೂ ಪ್ರಯೋಜನವಾಗಲಿಲ್ಲ.

ದಿಯುವಿನಲ್ಲಿ ಅಲ್ಮೇಡನ ಬಳಿ 18 ಹಡಗುಗಳಿದ್ದವು. ಎದುರಿಗೆ ಅಮೀರ್ ಹುಸೇನನ ಮಾಮ್ಲೂಕ್ ಹಡಗುಗಳು, ಗುಜರಾತಿನ ಹಡಗುಗಳು, ಕಲ್ಲಿಕೋಟೆಯ ದೊರೆ ಸಾಮೂದಿರಿ ಕಳುಹಿಸಿದ ಹತ್ತಾರು ಹಗುರ ದೋಣಿಗಳು. ಹುಸೇನ್ ತೆರೆದ ಕಡಲಿಗೆ ಬರದೆ ಕಿರಿದಾದ ಕಾಲುವೆಯಲ್ಲೇ, ದಡದ ಫಿರಂಗಿಗಳ ರಕ್ಷಣೆಯಲ್ಲಿ ಲಂಗರು ಹಾಕಿ ನಿಂತ. ಹೆದರಿ ಮಾಡಿದ ಕೆಲಸವಲ್ಲ ಇದು, ವಿವೇಕದ ನಿರ್ಧಾರದಂತೆಯೇ ಕಾಣುತ್ತದೆ. ಆದರೆ ಹುಟ್ಟು ಹಾಕಿ ನಡೆಸುವ ಅವನ ಹಡಗುಗಳ ಫಿರಂಗಿಗಳೆಲ್ಲ ಮೂತಿಯಲ್ಲಿದ್ದವು. ಇಡೀ ಹಡಗನ್ನು ತಿರುಗಿಸದೆ ಗುರಿ ಬದಲಿಸುವಂತಿರಲಿಲ್ಲ, ತಿರುಗಲು ಅಲ್ಲಿ ಜಾಗವಿರಲಿಲ್ಲ. ಪೋರ್ಚುಗೀಸರ ಫಿರಂಗಿಗಳಲ್ಲಿ ಅನೇಕವು ಹಡಗಿನ ಪಕ್ಕಗಳಲ್ಲಿದ್ದವು. ಅಲ್ಮೇಡನ ಅತಿ ದೊಡ್ಡ ಹಡಗುಗಳಲ್ಲೊಂದಾದ ಫ್ಲೋರ್ ದ ಲ ಮಾರ್ ಹಗುರ ದೋಣಿಗಳನ್ನು ತಡೆಯುವ ಜಾಗದಲ್ಲಿ ನಿಂತಿತು. ಇಕ್ಕಟ್ಟಾದ ಕಾಲುವೆಯಲ್ಲಿ ಒತ್ತೊತ್ತಾಗಿ ಬರುತ್ತಿದ್ದ ಆ ದೋಣಿಗಳ ಮೇಲೆ ಗುಂಡುಗಳು ಸುರಿದವು. ಹಿಂದಿನಿಂದ ಮದ್ದಿನ ಕೊಳವೆ ತುಂಬುವ ಸಣ್ಣ ಫಿರಂಗಿಗಳೂ ಪೋರ್ಚುಗೀಸರಲ್ಲಿದ್ದವು. ಒಂದೊಂದಕ್ಕೂ ಮದ್ದು ತುಂಬಿಟ್ಟ ಹಲವು ಕೊಳವೆಗಳು ಸಿದ್ಧವಿರುತ್ತಿದ್ದುದರಿಂದ ಒಂದರ ಹಿಂದೊಂದು ಬೇಗ ಬೇಗ ಹಾರಿಸಬಹುದಿತ್ತು. ಋತುವೂ ಅವರ ಕಡೆಗಿತ್ತು. ಫೆಬ್ರವರಿಯಲ್ಲಿ ಅರಬ್ಬಿ ಸಮುದ್ರ ಶಾಂತ. ಅಲೆಗಳ ಇಳಿಜಾರು ಹತ್ತು ಡಿಗ್ರಿಯಾದರೆ ಜಿಗಿಯುವ ಗುಂಡಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಗೆದ್ದ ಮೇಲೆ ಅಲ್ಮೇಡ ಸೆರೆಯಾಳುಗಳನ್ನು ಕ್ರೂರವಾಗಿ ಕೊಲ್ಲಿಸಿದ. ಮಗನ ಸಾವಿಗೆ ಸೇಡು ಎಂಬ ಕಾರಣ ಅದನ್ನು ಒಂದಿಷ್ಟೂ ಹಗುರ ಮಾಡುವುದಿಲ್ಲ. ಚೌಲ್‌ನಲ್ಲಿ ಸೆರೆ ಸಿಕ್ಕಿದ್ದ ಪೋರ್ಚುಗೀಸರನ್ನು ಮಲಿಕ್ ಅಯಾಜ್ ಚೆನ್ನಾಗಿ ನೋಡಿಕೊಂಡು ಹಿಂದಿರುಗಿಸಿದ್ದ ಎಂಬುದನ್ನು ಇದರ ಜೊತೆಗೇ ನೆನೆಯಬೇಕು.

ಇಷ್ಟನ್ನೇ ಓದಿದರೆ ಫಿರಂಗಿಯೇ ಎಲ್ಲವನ್ನೂ ಗೆದ್ದಿತು ಎನಿಸಬಹುದು. ಅದು ಅರ್ಧ ಸತ್ಯ. 1511ರಲ್ಲಿ ಮಲಕ್ಕಾಕ್ಕೆ ಹೋಗುವ ದಾರಿಯಲ್ಲಿ, ಸುಮಾತ್ರದ ಬಳಿ, ಇದೇ ಫ್ಲೋರ್ ದ ಲ ಮಾರ್‌ಗೆ ಜಾವಾದ ಒಂದು ಭಾರಿ ಜಂಕ್ ಹಡಗು ಎದುರಾಯಿತು. ಅದು ಪೋರ್ಚುಗೀಸರ ಹಡಗಿಗಿಂತ ಎತ್ತರವಾಗಿತ್ತು. ಅದರ ಒಡಲಿಗೆ ಹಲಗೆಗಳನ್ನು ಪದರದ ಮೇಲೆ ಪದರವಾಗಿ ಹೊದಿಸಿದ್ದರು. ದೊಡ್ಡ ಫಿರಂಗಿಯ ಗುಂಡುಗಳೂ ಅದನ್ನು ತೂರಲಿಲ್ಲ. ಎರಡು ದಿನ ಹೆಣಗಾಡಿ, ಕೊನೆಗೆ ಅದರ ಚುಕ್ಕಾಣಿಗಳನ್ನು ಮುರಿದ ಮೇಲಷ್ಟೇ ಅದು ಶರಣಾಯಿತು. ನೆಲದ ಮೇಲಂತೂ ಪಾಡು ಇನ್ನೂ ಕೆಟ್ಟದಾಗಿತ್ತು. 1510ರ ಜನವರಿಯಲ್ಲಿ ಕಲ್ಲಿಕೋಟೆಯ ಅರಮನೆಗೆ ಬೆಂಕಿಯಿಟ್ಟು ಹಿಂದಿರುಗುತ್ತಿದ್ದ ಪೋರ್ಚುಗೀಸ್ ಸೇನಾನಿ ಫೆರ್ನಾಂದೊ ಕುತಿನ್ಹೊ ಇಕ್ಕಟ್ಟಾದ ಓಣಿಗಳಲ್ಲಿ ನಾಯರ್ ಯೋಧರ ಕೈಗೆ ಸಿಕ್ಕಿ ಸತ್ತ. ಜೊತೆಗಿದ್ದ ಅಲ್ಬುಕರ್ಕ್, ಅಲ್ಮೇಡನ ನಂತರ ಅಧಿಕಾರಕ್ಕೆ ಬಂದ ಗವರ್ನರ್, ಗಾಯಗೊಂಡ. ದಿಯು ಗೆದ್ದ ಅಲ್ಮೇಡನೇ ಅದೇ ಮಾರ್ಚ್ 1ರಂದು, ಊರಿಗೆ ಮರಳುವ ದಾರಿಯಲ್ಲಿ, ದಕ್ಷಿಣ ಆಫ್ರಿಕಾದ ಟೇಬಲ್ ಕೊಲ್ಲಿಯ ದಂಡೆಯಲ್ಲಿ 60ಕ್ಕೂ ಹೆಚ್ಚು ಮಂದಿಯೊಂದಿಗೆ ಕೊಲ್ಲಲ್ಪಟ್ಟ. ಕೊಂದವರು ಖೊಯ್‌ಖೊಯ್ ಎಂಬ ದನಗಾಹಿ ಜನ. ಅವರ ಬಳಿ ಇದ್ದದ್ದು ಈಟಿ, ಕಲ್ಲು, ಮತ್ತು ಕೂಗಿಗೆ ಓಗೊಟ್ಟು ಗುರಾಣಿಯಾಗಿ ಮುಂದೆ ನಡೆಯುವ ದನದ ಹಿಂಡು. ಹಡಗಿನ ಫಿರಂಗಿ ತಲುಪದ ಜಾಗದಲ್ಲಿ ಪೋರ್ಚುಗೀಸ್ ಸೈನಿಕ ಉಳಿದವರಂತೆಯೇ ಒಬ್ಬ ಸೈನಿಕ, ಅದೂ ಸಂಖ್ಯೆಯಲ್ಲಿ ಕಡಿಮೆ.

ಹಾಗಾಗಿ ಇವರ ಯುದ್ಧಗಳನ್ನು ಓದುವಾಗ ಫಿರಂಗಿಗಳ ಸಂಖ್ಯೆಗಿಂತ ನೀರಿನ ಆಳವನ್ನು ನೋಡಬೇಕು ಎನ್ನುವುದು ನನ್ನ ನಂಬಿಕೆ. 1504ರಲ್ಲಿ ಪೋರ್ಚುಗೀಸ್ ನಾಯಕ ದುವಾರ್ತೆ ಪಶೇಕು ಪೆರೇರ ನೂರೈವತ್ತರ ಆಸುಪಾಸು ಪೋರ್ಚುಗೀಸರನ್ನೂ ಕೊಚ್ಚಿಯ ರಾಜನ ಜನರನ್ನೂ ಇಟ್ಟುಕೊಂಡು ಸಾಮೂದಿರಿಯ ಹಲವು ಪಟ್ಟು ದೊಡ್ಡ ಸೇನೆಯನ್ನು ತಿಂಗಳುಗಟ್ಟಲೆ ತಡೆದ. ಕೊಚ್ಚಿಯ ಹಿನ್ನೀರಿನಲ್ಲಿ ಉಬ್ಬರವಿಳಿತದ ಅಂತರ ಒಂದು ಮೀಟರಿನಷ್ಟೇ. ಆ ಒಂದು ಮೀಟರ್ ಸಾಕಾಯಿತು. ಇಳಿತದಲ್ಲಿ ಕಾಲ್ನಡಿಗೆಯಲ್ಲಿ ದಾಟಬಹುದಾದ ಕಡವು ದೋಣಿಗೆ ಸಿಗುವುದಿಲ್ಲ, ಉಬ್ಬರದಲ್ಲಿ ದೋಣಿಗೆ ತೆರೆಯುವ ಕಡವು ಕಾಲಾಳಿಗೆ ಸಿಗುವುದಿಲ್ಲ. ಯಾವ ಹೊತ್ತಿಗೆ ಯಾವುದನ್ನು ಕಾಯಬೇಕೆಂದು ತಿಳಿದವನಿಗೆ ಸ್ವಲ್ಪವೇ ಜನ ಸಾಕು. ಪಶೇಕು ಮುಂದೆ ನೌಕಾಯಾನದ ಗ್ರಂಥವನ್ನೇ ಬರೆದವನು. 1511ರಲ್ಲಿ ಮಲಕ್ಕಾದ ಸೇತುವೆಯನ್ನು ಹಿಡಿಯಲು ಅಲ್ಬುಕರ್ಕ್ ಎತ್ತರದ ಜಂಕ್ ಹಡಗೊಂದನ್ನು ನದಿಯೊಳಗೆ ಕಳುಹಿಸಿದಾಗ ಅದು ಮರಳುದಿಣ್ಣೆಯಲ್ಲಿ ಕೂತುಬಿಟ್ಟಿತು. ದೊಡ್ಡ ಉಬ್ಬರ ಬರುವವರೆಗೆ ಕಾದೇ ಮುಂದುವರಿಯಬೇಕಾಯಿತು.

ನೀರು ಅವರಿಗೆ ಪಾಠ ಕಲಿಸಿದ್ದು ಗೋವೆಯಲ್ಲಿ, ನಮ್ಮ ಹೊನ್ನಾವರದ ತಿಮ್ಮಯ್ಯನ ಕಣ್ಣೆದುರಿಗೆ. ಪೋರ್ಚುಗೀಸರು ತಿಮೋಜ ಎಂದು ಬರೆಯುವ ಈತ ಹಡಗುಗಳ ಒಡೆಯ. ಗೋವೆಯ ಮೇಲೆ ನುಗ್ಗುವಂತೆ 1510ರಲ್ಲಿ ಅಲ್ಬುಕರ್ಕ್‌ನ ಮನವೊಲಿಸಿದವನು ಇವನೇ. ಊರು ಸುಲಭವಾಗಿ ಕೈಸೇರಿತು. ಮೇ ತಿಂಗಳಲ್ಲಿ ಬಿಜಾಪುರದ ಆದಿಲ್‌ಶಾಹಿ ಸೇನೆ ಮರಳಿ ಬಂದು ಅವರನ್ನು ಹಡಗುಗಳಿಗೆ ಅಟ್ಟಿತು. ಅಷ್ಟರಲ್ಲಿ ಮುಂಗಾರು ಹಿಡಿದಿತ್ತು. ಸಾವಿರಾರು ಕಿಲೋಮೀಟರ್ ದೂರದಿಂದ ಉರುಳಿ ಬರುವ ಅಲೆ ಮಾಂಡೋವಿಯ ಅಳಿವೆಯ ಮರಳುದಿಣ್ಣೆಯ ಮೇಲೆ ಬಂದಾಗ ಆಳ ಕಡಿಮೆಯಾಗಿ ವೇಗ ಕುಗ್ಗುತ್ತದೆ, ಹಿಂದಿನಿಂದ ಬರುವ ಶಕ್ತಿಗೆ ಮೇಲೇರುವುದರ ಹೊರತು ದಾರಿಯಿಲ್ಲದೆ ಅಲೆ ಎದ್ದುನಿಂತು ಒಡೆಯುತ್ತದೆ. ಮಳೆಗಾಲದಲ್ಲಿ ಅಳಿವೆ ದಾಟುವುದೆಂದರೇನು ಎಂಬುದು ಹೊನ್ನಾವರದಿಂದ ಗಂಗೊಳ್ಳಿಯವರೆಗಿನ ಮೀನುಗಾರರಿಗೆ ಇವತ್ತಿಗೂ ಗೊತ್ತು. ಹಡಗುಗಳು ಆಗಸ್ಟ್‌ವರೆಗೆ ನದಿಯಲ್ಲೇ ಸಿಕ್ಕಿಬಿದ್ದವು. ದಡದಿಂದ ಫಿರಂಗಿಗಳು ಹೊಡೆಯುತ್ತಿದ್ದವು. ಆಹಾರ ಮುಗಿದು ಜನ ಇಲಿಗಳನ್ನೂ ಪೆಟ್ಟಿಗೆಗಳ ಚರ್ಮವನ್ನೂ ತಿಂದರು. ಮಳೆ ಕಳೆದ ಮೇಲೆ, ನವೆಂಬರ್ 25ರಂದು, ಅಲ್ಬುಕರ್ಕ್ ಗೋವೆಯನ್ನು ಮತ್ತೆ ಹಿಡಿದ. ಆಗ ಊರಿನ ಮುಸ್ಲಿಮರಲ್ಲಿ ಗಂಡಸರು ಹೆಂಗಸರೆನ್ನದೆ ಸುಮಾರು 6,000 ಜನರನ್ನು ಕೊಂದದ್ದಾಗಿ ತನ್ನ ದೊರೆಗೆ ಅವನೇ ಕಾಗದ ಬರೆದ.

ಇವರೆಲ್ಲರ ನಡುವೆ ನಾನು ಹೆಚ್ಚು ಆಸಕ್ತಿಯಿಂದ ಓದುವ ಹೆಸರು ಜೊವಾವ್ ದ ಕಾಸ್ತ್ರೊ. 1546ರಲ್ಲಿ ಮುತ್ತಿಗೆಗೆ ಒಳಗಾಗಿದ್ದ ದಿಯು ಕೋಟೆಯನ್ನು ಬಿಡಿಸಿದ ಸೇನಾನಿ ಅವನು. ಅವನ ಮಗ ಫೆರ್ನಾಂದೊ ಆ ಮುತ್ತಿಗೆಯಲ್ಲಿ ಕೊತ್ತಳ ಸಿಡಿದು ಸತ್ತ. ಪಾಳುಬಿದ್ದ ಕೋಟೆಯನ್ನು ಮತ್ತೆ ಕಟ್ಟಲು ಹಣವಿಲ್ಲದೆ, ತನ್ನ ಗಡ್ಡದ ಕೂದಲನ್ನೇ ಅಡವಾಗಿ ಕಳುಹಿಸಿ ಗೋವೆಯ ಪುರಸಭೆಯಿಂದ ಸಾಲ ಕೇಳಿದ. ಗಣಿತಜ್ಞ ಪೆದ್ರೊ ನುನೆಸ್‌ನ ಒಡನಾಡಿಯಾಗಿದ್ದ ಈತ 1538ರಲ್ಲಿ ಮೊದಲ ಸಲ ಭಾರತಕ್ಕೆ ಬರುವಾಗ, ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಎಷ್ಟು ವಾಲುತ್ತದೆ ಎಂಬುದನ್ನು ದಾರಿಯುದ್ದಕ್ಕೂ ಅಳೆಯುತ್ತಾ ಬಂದ. ಒಂದು ದಿನ ಅಳತೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಉಪಕರಣದ ತಪ್ಪೆಂದು ಬಿಟ್ಟುಬಿಡದೆ ಸುತ್ತ ಹುಡುಕಿದಾಗ ಹತ್ತಿರದಲ್ಲಿದ್ದ ಫಿರಂಗಿ ಕಣ್ಣಿಗೆ ಬಿತ್ತು. ಅದರ ಕಬ್ಬಿಣ ಮುಳ್ಳನ್ನು ತನ್ನತ್ತ ಸೆಳೆಯುತ್ತಿತ್ತು. ಹಡಗಿನ ಕಬ್ಬಿಣದಿಂದ ದಿಕ್ಸೂಚಿಗೆ ಆಗುವ ಈ ದೋಷವನ್ನು ಕ್ರಮಬದ್ಧವಾಗಿ ಅಳೆದು ತಿದ್ದುವ ಕೆಲಸವನ್ನು ಮ್ಯಾಥ್ಯೂ ಫ್ಲಿಂಡರ್ಸ್ ಕೈಗೆತ್ತಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಕಾಸ್ತ್ರೊ ಅದನ್ನು ಬರೆದಿಟ್ಟು ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ.