‘ವಿಸ್ಡಮ್’ ಮತ್ತು ‘ವಿದ್ಯೆ’: ನಂಟು ನಿಜ, ಎರವಲು ಸುಳ್ಳು

ಇಂಗ್ಲಿಷಿನ ‘ವಿಸ್ಡಮ್’ ಎಂಬ ಪದ ಸಂಸ್ಕೃತದ ‘ವಿದ್ಯಾಧಾಮ’ದಿಂದ ಕೆಟ್ಟು ಹುಟ್ಟಿದ್ದೆಂಬ ಸಂದೇಶವನ್ನು ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪೊಂದರಲ್ಲಿ ಓದಿದೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಹೆಮ್ಮೆಯಿಂದ ಹಂಚಿದವರೂ ತಮಾಷೆಯೆಂದು ತಳ್ಳಿಹಾಕಿದವರೂ ಆ ಅರ್ಧವನ್ನು ಗಮನಿಸಲೇ ಇಲ್ಲವೆಂಬುದು ನನ್ನ ಬೇಸರ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ವೀಸ್‌ದೋಮ್’. ‘ವೀಸ್’ ಎಂದರೆ ಬಲ್ಲವನು. ‘ದೋಮ್’ ಎಂದರೆ ತೀರ್ಪು, ನೆಲೆಗೊಂಡ ಸ್ಥಿತಿ. ಮೊದಲನೆಯದು ಸಂಸ್ಕೃತದಲ್ಲಿ ‘ತಿಳಿ’ ಎಂಬ ಅರ್ಥದ ‘ವಿದ್’ ಧಾತುವಿನ ದಾಯಾದಿ; ಎರಡನೆಯದು ‘ಇಡು’ ಎಂಬ ಅರ್ಥದ ‘ಧಾ’ ಧಾತುವಿನ ದಾಯಾದಿ. ಆದರೆ ಇವು ಸಂಸ್ಕೃತದಿಂದ ಇಂಗ್ಲಿಷಿಗೆ ಹೋದವಲ್ಲ. ಬರವಣಿಗೆಯೇ ಇಲ್ಲದಿದ್ದ ಇನ್ನೂ ಹಳೆಯ ಒಂದು ಭಾಷೆಯಿಂದ ಎರಡು ಕಡೆಗೂ ಬೇರೆ ಬೇರೆಯಾಗಿ ಇಳಿದು ಬಂದವು. ಇದಕ್ಕೆ ಸಾಕ್ಷಿ ಧ್ವನಿಗಳ ನಿಯತವಾದ ಹೊಂದಾಣಿಕೆ. ಸಂಸ್ಕೃತದಲ್ಲಿ ‘ದ’ ಇರುವಲ್ಲಿ ಇಂಗ್ಲಿಷಿನಲ್ಲಿ ‘ಟ’ ಬರುತ್ತದೆ: ದ್ವಿ–ಟೂ, ದಶ–ಟೆನ್, ಪಾದ–ಫುಟ್, ವಿದ್–ವಿಟ್. ‘ಧ’ ಇರುವಲ್ಲಿ ‘ಡ’ ಬರುತ್ತದೆ: ವಿಧವಾ–ವಿಡೋ, ಧಾ–ಡೂಮ್. ‘ವಿಸ್ಡಮ್’ನ ನಡುವಿನ ‘ಸ’ಕಾರಕ್ಕೂ ಲೆಕ್ಕವಿದೆ. ‘ವಿದ್’ ಮುಂದೆ ‘ತ’ ಪ್ರತ್ಯಯ ಬಂದಾಗ ಸಂಸ್ಕೃತದಲ್ಲಿ ‘ವಿತ್ತ’ ಆಗುತ್ತದೆ. ಇಂಗ್ಲಿಷ್ ಸೇರಿದ ಜರ್ಮಾನಿಕ್ ಭಾಷೆಗಳಲ್ಲಿ ಅಂಥ ಎರಡು ದಂತ್ಯಗಳು (ತ, ದದಂಥ ಧ್ವನಿಗಳು) ಕೂಡಿದರೆ ‘ಸ’ ಆಗುತ್ತದೆ. ಎರವಲು ಪದ ಹೀಗೆ ನಡೆದುಕೊಳ್ಳುವುದಿಲ್ಲ. ‘ಪಂಡಿತ’ ಶಬ್ದವನ್ನು ಇಂಗ್ಲಿಷರು ಭಾರತದಿಂದ ನಿಜವಾಗಿಯೂ ಕೊಂಡೊಯ್ದರು; ಅದರ ‘ಡ’ ಇಂದಿಗೂ ‘ಡ’ ಆಗಿಯೇ ಉಳಿದಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಡುವ ಸಾಕ್ಷಿ ವ್ಯಾಕರಣದ್ದು. ಸಂಸ್ಕೃತದಲ್ಲಿ ‘ಲಿಟ್’ ಎಂಬ ಭೂತಕಾಲದ ರೂಪಕ್ಕೆ ಧಾತುವಿನ ಮೊದಲಕ್ಷರ ದ್ವಿತ್ವಗೊಳ್ಳಬೇಕು: ದೃಶ್‌ನಿಂದ ‘ದದರ್ಶ’, ಕೃ‌ನಿಂದ ‘ಚಕಾರ’. ಆದರೆ ‘ವಿದ್’ ಮಾತ್ರ ದ್ವಿತ್ವವಿಲ್ಲದೆಯೇ ಅದೇ ಪ್ರತ್ಯಯಗಳನ್ನು ತೆಗೆದುಕೊಂಡು ‘ವೇದ’ ಎಂದಾಗುತ್ತದೆ, ಅದೂ ವರ್ತಮಾನದ ‘ಬಲ್ಲೆ’ ಎಂಬ ಅರ್ಥದಲ್ಲಿ. ಇದಕ್ಕೆಂದೇ ಪಾಣಿನಿ ‘ವಿದೋ ಲಟೋ ವಾ’ ಎಂಬ ಪ್ರತ್ಯೇಕ ಸೂತ್ರವನ್ನು ಬರೆಯಬೇಕಾಯಿತು. ಗ್ರೀಕಿನಲ್ಲಿಯೂ ಇಂಥ ಕ್ರಿಯಾಪದಗಳಿಗೆ ದ್ವಿತ್ವ ಬೇಕು, ಅಲ್ಲಿಯೂ ‘ಒಯ್ದ’ (ಬಲ್ಲೆ) ಎಂಬುದಕ್ಕೆ ಅದಿಲ್ಲ. ಬಹುವಚನದಲ್ಲಿ ಸಂಸ್ಕೃತದ ‘ವೇದ’ ‘ವಿದ್ಮ’ ಆಗುತ್ತದೆ, ಹೋಮರನ ಗ್ರೀಕಿನ ‘ಒಯ್ದ’ ‘ಇದ್ಮೆನ್’ ಆಗುತ್ತದೆ, ಇಂಗ್ಲಿಷಿನ ಹಳೆಯ ಬಂಧುವಾದ ಗಾಥಿಕ್ ಭಾಷೆಯ ‘ವೈಟ್’ ‘ವಿಟುಮ್’ ಆಗುತ್ತದೆ. ಪದಗಳನ್ನು ಯಾರೂ ಯಾರಿಂದಲೂ ಎರವಲು ಪಡೆಯಬಹುದು. ಒಂದೇ ಅಪವಾದ, ಅದರೊಳಗೆ ಒಂದೇ ಬಗೆಯ ಸ್ವರಪಲ್ಲಟ, ಮೂರು ದೂರದ ನಾಡುಗಳಲ್ಲಿ ತಾನಾಗಿ ಮೂಡಲಾರದು. ಈ ರೂಪದ ಮೂಲ ಅರ್ಥ ‘ಕಂಡಿದ್ದೇನೆ’ ಎಂದು, ಕಂಡಿರುವುದರಿಂದ ಬಲ್ಲೆ. ಲ್ಯಾಟಿನ್ನಿನ ‘ವಿಡಿಯೋ’ ಕ್ರಿಯಾಪದ ಇಂದಿಗೂ ‘ನೋಡುತ್ತೇನೆ’ ಎಂಬ ಹಳೆಯ ಅರ್ಥವನ್ನೇ ಹೊತ್ತುಕೊಂಡಿದೆ.

ಈ ಸಾಮ್ಯವನ್ನು ಮೊದಮೊದಲು ಕಂಡವರಲ್ಲಿ ಇಬ್ಬರು ಗೋವೆಯಲ್ಲಿದ್ದರು. ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ 1583ರಲ್ಲಿ ತನ್ನ ಸಹೋದರನಿಗೆ ಬರೆದ ಪತ್ರದಲ್ಲಿ, ಇಲ್ಲಿಯ ಭಾಷೆಗಳ ರಚನೆ ಗ್ರೀಕ್, ಲ್ಯಾಟಿನ್‌ಗಳದ್ದನ್ನು ಹೋಲುತ್ತದೆ ಎಂದ. ಅದೇ ದಶಕದಲ್ಲಿ ಫ್ಲಾರೆನ್ಸಿನ ವರ್ತಕ ಫಿಲಿಪ್ಪೊ ಸಾಸೆಟ್ಟಿ ಸಪ್ತ, ಅಷ್ಟ, ನವ, ಸರ್ಪಗಳಿಗೆ ಇಟಾಲಿಯನ್ನಿನ ಸೆತ್ತೆ, ಒತ್ತೊ, ನೊವೆ, ಸೆರ್ಪೆಗಳನ್ನು ಹೊಂದಿಸಿ ನೋಡಿ ಬೆರಗಾದ. ಬೆರಗಿನಿಂದ ನಿಯಮಕ್ಕೆ ದಾಟಲು ಇನ್ನೆರಡು ಶತಮಾನಗಳೇ ಬೇಕಾದವು: 1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶ ವಿಲಿಯಂ ಜೋನ್ಸ್ ಸಮಾನ ಮೂಲದ ಮಾತನ್ನಾಡಿದ, 1822ರಲ್ಲಿ ಜರ್ಮನ್ ಭಾಷಾಶಾಸ್ತ್ರಜ್ಞ ಯಾಕೋಬ್ ಗ್ರಿಮ್ ಧ್ವನಿಪಲ್ಲಟಗಳನ್ನು ಕ್ರಮಬದ್ಧಗೊಳಿಸಿದ. ಬರಿಯ ಹೋಲಿಕೆ ಏನನ್ನೂ ಸಾಧಿಸದು. ಪುಣೆಯಲ್ಲಿ ಕುಲಕರ್ಣಿ ಎಂಬ ಅಡ್ಡಹೆಸರಿನವರೆಲ್ಲ ಒಂದೇ ಮನೆತನದವರಲ್ಲ. ದೇವರೆಂಬ ಅರ್ಥದ ಲ್ಯಾಟಿನ್ನಿನ ‘ದೇಉಸ್’ ಮತ್ತು ಗ್ರೀಕಿನ ‘ಥೆಒಸ್’ ಅವಳಿಗಳಂತೆ ಕಾಣುತ್ತವೆ, ಆದರೆ ಅವುಗಳ ಧಾತುಗಳೇ ಬೇರೆ.

ತದ್ವಿರುದ್ಧವಾಗಿ, ಹೋಲಿಕೆಯೇ ಕಾಣದ ಪದಗಳು ಒಂದೇ ಬೇರಿನವಾಗಿರಬಹುದು. ಪುಣೆ, ಮುಂಬಯಿಗಳಿಗೆ ವಿಜಯಪುರ, ಕಲಬುರ್ಗಿ ಕಡೆಯಿಂದ ಬಂದ ನಮ್ಮವರು ಚುರುಕಾದ ಹುಡುಗನನ್ನು ‘ಭಾಳ ಶಾಣ್ಯಾ ಇದಾನ’ ಎನ್ನುತ್ತಾರೆ. ಇದು ಮರಾಠಿಯ ‘ಶಹಾಣಾ’. ಅದರ ಹಿಂದೆ ಪ್ರಾಕೃತದ ‘ಸಯಾಣ’, ಅದರ ಹಿಂದೆ ಸಂಸ್ಕೃತದ ‘ಸಜ್ಞಾನ’. ‘ಜ್ಞಾ’ ಧಾತುವನ್ನು ನಾವು ‘ಗ್ಞಾ’ ಎಂಬಂತೆಯೂ ಮರಾಠಿಗರು ‘ದ್ನ್ಯಾ’ ಎಂಬಂತೆಯೂ ಉಚ್ಚರಿಸುತ್ತೇವೆ. ಗ್ರೀಕಿನಲ್ಲಿ ಅದು ‘ಗ್ನೋ’, ಇಂಗ್ಲಿಷಿನಲ್ಲಿ ‘ನೋ’ (know). ಇಂಗ್ಲಿಷಿನಲ್ಲಿ ಬರೆದರೂ ನುಡಿಯದ ಮೊದಲ ‘ಕ’ಕಾರ ಒಂದು ಕಾಲದಲ್ಲಿ ನುಡಿಯುತ್ತಿದ್ದ ಧ್ವನಿ. ಇಂಥ ಎಳೆ ಹಿಡಿಯಲು ಯಾವ ಪದ ಯಾವ ಕಾಲದಲ್ಲಿ ಯಾವ ರೂಪದಲ್ಲಿತ್ತು ಎಂಬ ದಾಖಲೆ ಬೇಕು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಸ್. ಎಂ. ಕತ್ರೆಯವರು 1948ರಲ್ಲಿ ಆರಂಭಿಸಿದ ಸಂಸ್ಕೃತ ನಿಘಂಟು ಯೋಜನೆ ಅದಕ್ಕಾಗಿಯೇ ಸುಮಾರು 1 ಕೋಟಿ ಕಾಗದದ ಚೀಟಿಗಳನ್ನು ಕೂಡಿಹಾಕಿತು. ಮೊದಲ ಸಂಪುಟದ ಮೊದಲ ಭಾಗ 1976ರಲ್ಲಿ ಹೊರಬಂತು.

ಇನ್ನು ನಮ್ಮ ‘ಅರಿವು’. ಅದನ್ನೂ ‘ವಿದ್’ಗೆ ಗಂಟು ಹಾಕುವ ಉತ್ಸಾಹಿಗಳಿದ್ದಾರೆ. ಹಳಗನ್ನಡದಲ್ಲಿ ಅದು ‘ಅಱಿವು’, ಈಗ ಬಿಟ್ಟುಹೋಗಿರುವ ಶಕಟರೇಫದ್ದು, ಅಂದರೆ ಱ ಅಕ್ಷರದ್ದು. ಕೇಳಲು ಹಾಗೆಯೇ ಇರುವ, ಶತ್ರು ಎಂಬ ಅರ್ಥದ ಸಂಸ್ಕೃತದ ‘ಅರಿ’ಗೆ ಸಾಮಾನ್ಯ ರೇಫ. ತಮಿಳು, ಮಲಯಾಳಗಳಲ್ಲಿಯೂ ‘ಅಱಿವು’ ಎಂಬುದು ಅದೇ ಱಕಾರದೊಡನೆ ಉಳಿದಿದೆ, ತೆಲುಗಿನಲ್ಲಿ ‘ಎಱುಗು’ ಇದೆ. ಮದ್ರಾಸಿನ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ಬೇರೆಯೇ ಕುಟುಂಬವೆಂದು ತೋರಿಸಿಕೊಟ್ಟ ಈ ಭಾಷೆಗಳಲ್ಲಿ ಧ್ವನಿಗಳು ತಮ್ಮದೇ ನಿಯಮಗಳಿಗೆ ಅಷ್ಟೇ ಕಟ್ಟುನಿಟ್ಟಾಗಿ ನಡೆಯುತ್ತವೆ, ಆ ನಿಯಮಗಳಲ್ಲಿ ‘ವಿದ್’ ಎಂಬುದು ‘ಅಱಿ’ ಆಗುವ ಯಾವ ದಾರಿಯೂ ಇಲ್ಲ.