ಲಿಮಿಟೆಡ್ ಎಡಿಷನ್ ಏರ್ ಪಿಸ್ತೂಲಿನ ಹಿಡಿ ಕೆತ್ತಿಸಬಹುದೇ?

ಪ್ರಶ್ನೆ: ನಾನು ಕೊಪ್ಪಳದವನು. 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತೇನೆ. ಪರಿಚಯದ ಹಿರಿಯ ಶೂಟರ್ ಒಬ್ಬರು ತಮ್ಮ ಹತ್ತಿರ ಇರುವ ಲಿಮಿಟೆಡ್ ಎಡಿಷನ್ ಪಿಸ್ತೂಲ್ ಕೊಡ್ತೀನಿ ಅಂದಿದ್ದಾರೆ. ಅದರ ಹಿಡಿ ನನ್ನ ಕೈಗೆ ದೊಡ್ಡದು. ಕಿನ್ನಾಳದಲ್ಲಿ ಮರದ ಕೆಲಸ ಮಾಡುವವರ ಹತ್ತಿರ ಕೆತ್ತಿಸಿಕೊಳ್ಳಲಾ? ಕೆತ್ತಿಸಿದರೆ ಬೆಲೆ ಬಿದ್ದುಹೋಗುತ್ತದಾ? ಸ್ಪರ್ಧೆಯಲ್ಲಿ ಒಪ್ಪುತ್ತಾರಾ?

ಉತ್ತರ: ಕೆತ್ತಿಸಿ. ಆದರೆ ಪಿಸ್ತೂಲಿನ ಜೊತೆ ಬಂದ ಹಿಡಿಯನ್ನು ಮಾತ್ರ ಮುಟ್ಟಬೇಡಿ. ಅದೇ ಮಾಡೆಲ್‌ಗೆ ಕೂರುವ ಸಾದಾ ಹಿಡಿ ಬೇರೆ ಸಿಗುತ್ತದೆ. ಚಿಕ್ಕದು, ಮಧ್ಯಮ, ದೊಡ್ಡದು ಅಂತ ಅಳತೆ ಇರುತ್ತದೆ, ಎಡಗೈಯವರಿಗೂ ಸಿಗುತ್ತದೆ. ಅದನ್ನು ಕೊಂಡು ಕೆತ್ತಿಸಿ. ಮೂಲ ಹಿಡಿಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ.

ಯಾಕೆ ಅಂದರೆ, ಇಂಥ ಪಿಸ್ತೂಲಿನಲ್ಲಿ ವಿಶೇಷ ಇರುವುದು ಹೆಚ್ಚಾಗಿ ಹೊರಗೆ. ಬೇರೆ ಬಣ್ಣ, ಕೆತ್ತಿದ ಅಕ್ಷರ, ಕ್ರಮಸಂಖ್ಯೆ, ಆರಿಸಿ ತೆಗೆದ ಅಕ್ರೋಟ್ ಮರದ ಹಿಡಿ. ಒಳಗಿನ ಬ್ಯಾರೆಲ್, ಟ್ರಿಗರ್ ಸಾಮಾನ್ಯವಾಗಿ ಅದೇ ಮಾಡೆಲ್‌ನ ಸಾದಾ ಪಿಸ್ತೂಲಿನದ್ದೇ. ಅಂದರೆ ಹೆಚ್ಚಿನ ದುಡ್ಡು ಕೊಟ್ಟ ಮಾತ್ರಕ್ಕೆ ಗುರಿಯ ನಡುವೃತ್ತಕ್ಕೆ ಸಿಗುವ ಹತ್ತು ಅಂಕ ಹೆಚ್ಚು ಸಲ ಬೀಳುವುದಿಲ್ಲ. ಸಂಗ್ರಹ ಮಾಡುವವರು ಬೆಲೆ ಕಟ್ಟುವುದು ಆ ಮೂಲ ಹಿಡಿಗೆ, ಪೆಟ್ಟಿಗೆಗೆ, ಕೀಗಳಿಗೆ, ಕಾರ್ಖಾನೆಯಲ್ಲಿ ಹೊಡೆದು ನೋಡಿದ ಗುರಿಹಾಳೆಗೆ. ಇವುಗಳಲ್ಲಿ ಒಂದು ಕಳೆದರೂ ಮತ್ತೆ ಸಿಗುವುದು ಕಷ್ಟ. ಬಿಚ್ಚಿ ಮತ್ತೆ ಮೊದಲಿನಂತೆ ಕೂರಿಸಬಹುದಾದ ಬದಲಾವಣೆ ಏನು ಬೇಕಾದರೂ ಮಾಡಿ. ಹಿಂದಕ್ಕೆ ತರಲಾಗದ್ದನ್ನು ಮಾಡಬೇಡಿ. ಬಣ್ಣ ಕೆರೆಸುವುದು, ಲೋಹದ ಮೇಲೆ ಹೆಸರು ಕೆತ್ತಿಸುವುದು ಬೇಡವೇ ಬೇಡ.

ಕೈಗೆ ಕೂರದ ಹಿಡಿಯಲ್ಲೇ ಹೊಡೆಯುತ್ತೇನೆ ಅನ್ನುವುದೂ ತಪ್ಪು. ಒಂದು ಲೆಕ್ಕ ನೋಡಿ. ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಸೈಟ್ ಅನ್ನುವ ಎರಡು ಗುರುತು ಇರುತ್ತವೆ; ಮುಂದಿನ ಸೈಟ್‌ಗೂ ಹಿಂದಿನ ಸೈಟ್‌ಗೂ ನಡುವೆ 32 ಸೆಂ.ಮೀ. ಇದೆ ಅಂದುಕೊಳ್ಳಿ. ಎರಡರ ಜೋಡಣೆ 1 ಮಿ.ಮೀ. ಪಕ್ಕಕ್ಕೆ ಸರಿದರೆ 10 ಮೀಟರ್ ಆಚೆ ಪೆಲೆಟ್ (ಚಿಕ್ಕ ಗುಂಡು) ಸುಮಾರು 3 ಸೆಂ.ಮೀ. ದೂರ ಬೀಳುತ್ತದೆ. ಹತ್ತರ ವೃತ್ತದ ಅಡ್ಡಳತೆ ಬರೀ 11.5 ಮಿ.ಮೀ. ನಿಮ್ಮ ಹತ್ತು ಅಲ್ಲಿಗೆ ಏಳಾಯಿತು! 60 ಹೊಡೆತ, 75 ನಿಮಿಷ, ಒಂದೇ ಕೈ. ಹಿಡಿ ಸರಿಯಿಲ್ಲದಿದ್ದರೆ ಪ್ರತಿ ಸಲವೂ ಮಣಿಕಟ್ಟು ತಿರುಚಿ ಸೈಟ್ ಕೂಡಿಸಬೇಕಾಗುತ್ತದೆ. ಮೂವತ್ತನೇ ಹೊಡೆತದ ಹೊತ್ತಿಗೆ ಕೈ ಸೋಲುತ್ತದೆ.

ಹಿಡಿ ಕೂತಿದೆಯಾ ಇಲ್ಲವಾ ಅಂತ ತಿಳಿಯುವುದು ಸುಲಭ. ಖಾಲಿ ಪಿಸ್ತೂಲ್ ಹಿಡಿದು ಗುರಿಯ ಕಡೆ ನಿಲ್ಲಿ. ಕಣ್ಣು ಮುಚ್ಚಿ ಕೈ ಎತ್ತಿ. ಈಗ ಕಣ್ಣು ಬಿಡಿ. ಮುಂದಿನ ಸೈಟ್ ಹಿಂದಿನ ಸೈಟಿನ ಸಂದಿಯ ನಡುವೆಯೇ ಇದ್ದರೆ ಹಿಡಿ ನಿಮ್ಮದು. ಪ್ರತಿ ಸಲವೂ ಒಂದೇ ಕಡೆಗೆ ವಾಲಿದ್ದರೆ ಮೊದಲು ಹಿಡಿಯ ಸ್ಕ್ರೂ ಸಡಿಲಿಸಿ, ಕೋನ ಬದಲಿಸಿ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಇದಕ್ಕೆ ಅವಕಾಶ ಇದೆ, ಕೆತ್ತುವ ಮಾತೇ ಬರುವುದಿಲ್ಲ. ಆಮೇಲೂ ಒತ್ತುತ್ತಿದ್ದರೆ ಅಂಗೈಗೆ ಚಾಕ್ ಪುಡಿ ತೆಳ್ಳಗೆ ಸವರಿ ಹಿಡಿಯಿರಿ. ಪುಡಿ ದಟ್ಟವಾಗಿ ಅಂಟಿದ ಜಾಗವನ್ನು ಪಾಲಿಷ್ ಪೇಪರ್‌ನಿಂದ ಚೂರು ಉಜ್ಜಿ, ಮತ್ತೆ ಹಿಡಿದು ನೋಡಿ, ಮತ್ತೆ ಉಜ್ಜಿ. ಅವಸರ ಬೇಡ. ಪೊಳ್ಳು ಉಳಿದ ಕಡೆ ಮರದ ಪುಟ್ಟಿ ಅಥವಾ ಎಂ-ಸೀಲ್ ತುಂಬಬಹುದು. ದೊಡ್ಡ ದೊಡ್ಡ ಶೂಟರ್‌ಗಳ ಹಿಡಿಗಳೂ ತೇಪೆ ಹಾಕಿದಂತೆ ಕಾಣುವುದು ಇದಕ್ಕೇ.

ಕಿನ್ನಾಳದವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಗೊಂಬೆಗೆ ಬಳಸುವ ಮರ ಹಗುರ, ಮೆತ್ತಗಿನದ್ದು. ಪಿಸ್ತೂಲಿನ ಹಿಡಿಗೆ ಅದು ತಾಳುವುದಿಲ್ಲ. ಹಾಗಾಗಿ ಹೊಸ ಹಿಡಿ ಮಾಡಿಕೊಡಿ ಅನ್ನಬೇಡಿ, ನೀವು ಕೊಂಡ ಸಾದಾ ಹಿಡಿಯನ್ನೇ ಕೊಟ್ಟು ಹೊರಮೈ ತಿದ್ದಿಸಿ. ಲೋಹ ಬಂದು ಕೂರುವ ಒಳಗಿನ ತೋಡನ್ನು ಮುಟ್ಟಬಾರದು ಅಂತ ಮೊದಲೇ ಹೇಳಿ. ಪಿಸ್ತೂಲ್ ಮನೆಯಲ್ಲೇ ಇರಲಿ, ಹಿಡಿ ಮಾತ್ರ ತೆಗೆದುಕೊಂಡು ಹೋಗಿ.

ಇನ್ನು ಸ್ಪರ್ಧೆ. ಅಂತರರಾಷ್ಟ್ರೀಯ ನಿಯಮದಲ್ಲಿ ಬಣ್ಣಕ್ಕೆ ಅಡ್ಡಿಯಿಲ್ಲ, ಅಳತೆ ಮಾತ್ರ ಕಟ್ಟುನಿಟ್ಟು. ಇಡೀ ಪಿಸ್ತೂಲ್ 420, 200, 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು. ತೂಕ 1500 ಗ್ರಾಂ ದಾಟಬಾರದು. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಹಿಡಿ ಮಣಿಕಟ್ಟಿಗೆ ಆಸರೆ ಕೊಡಬಾರದು, ಮಣಿಕಟ್ಟು ಬಿಡಿಯಾಗಿ ಕಾಣಬೇಕು. ಅಂಗೈ ಕೆಳಗಿನ ಪಟ್ಟಿ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇರಬಾರದು. ಕೆತ್ತಿಸುವವರು ಎಡವುವುದು ಇಲ್ಲೇ. ಕೈ ಬಿಗಿಯಾಗಿ ಕೂರಲಿ ಅಂತ ಪಟ್ಟಿಯನ್ನು ಮೇಲಕ್ಕೆ ಬಾಗಿಸುತ್ತಾರೆ, ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ. ಪುಟ್ಟಿ ದಪ್ಪವಾಗಿ ಬಳಿದರೆ 50 ಮಿ.ಮೀ. ಅಗಲವೂ ಮೀರಬಹುದು. ಅದನ್ನೂ ಅಳೆದುಕೊಳ್ಳಿ.

ಗಾಳಿಯ ಒತ್ತಡ ಜಾಸ್ತಿ ಮಾಡಿಸಲಾ ಅಂತ ಕೆಲವರು ಕೇಳುತ್ತಾರೆ. ಬೇಡ. ಕಾಗದ ತೂತು ಮಾಡಲು ಈಗಿರುವ ವೇಗ ಧಾರಾಳ ಸಾಕು. ಹೆಚ್ಚಿಸಿದರೆ ನಿಖರತೆ ಕೆಡುತ್ತದೆ, ಸೀಲ್ ಹೋಗುತ್ತದೆ, ಅಪಾಯವೂ ಇದೆ.

ನಮ್ಮ ಕಡೆಯ ಬಿಸಿಲಿಗೆ ಪಿಸ್ತೂಲಿನ ಗಾಳಿ ತುಂಬುವ ಸಿಲಿಂಡರ್ ಬಗ್ಗೆ ಇನ್ನೂ ಹೆಚ್ಚು ಜೋಪಾನ ಬೇಕು. 25 ಡಿಗ್ರಿಯಲ್ಲಿ 200 ಬಾರ್ ಒತ್ತಡಕ್ಕೆ ತುಂಬಿಸಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಬಿಟ್ಟಿರಿ ಅನ್ನಿ. ಒಳಗೆ 55 ಡಿಗ್ರಿ ಆದರೆ ಒತ್ತಡ 220ಕ್ಕೆ ಏರುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಕಡಿಮೆಯೇ ತುಂಬಿಸಿ, ನೆರಳಲ್ಲಿಡಿ. ಬಳ್ಳಾರಿ, ಸಂಡೂರಿನ ಕಡೆಯವರಾದರೆ ಅದಿರಿನ ಕೆಂಪು ಧೂಳು ಬೇರೆ. ಪಿಸ್ತೂಲನ್ನು ಪೆಟ್ಟಿಗೆಯಿಂದ ಹೊರಗಿಟ್ಟು ಅಲಂಕಾರಕ್ಕೆ ನಿಲ್ಲಿಸಬೇಡಿ.

ಬರೀ ಸಂಗ್ರಹದ ಆಸೆ ಇರುವವರಿಗೆ ನಾನು ಹೊಳೆಯುವ ಹೊಸ ಎಡಿಷನ್‌ಗಿಂತ ಫೈನ್‌ವರ್ಕ್‌ಬೌ 65 ಅನ್ನೇ ಹೇಳುತ್ತೇನೆ. 1965ರಲ್ಲಿ ಶುರುವಾದ ಜರ್ಮನಿಯ ಸ್ಪ್ರಿಂಗ್ ಪಿಸ್ತೂಲ್ ಅದು. ಪಕ್ಕದ ಲಿವರ್ ಎಳೆದರೆ ಸಾಕು, ಸಿಲಿಂಡರ್ ತುಂಬಿಸುವ ತಾಪತ್ರಯವೇ ಇಲ್ಲ. ಹೊಡೆದಾಗ ಮೇಲಿನ ಭಾಗ ಪೂರ್ತಿ ಹಿಂದಕ್ಕೆ ಜಾರುತ್ತದೆ, ಕೈಗೆ ಧಕ್ಕೆ ಗೊತ್ತೇ ಆಗುವುದಿಲ್ಲ. ಅಂಥ ಯಂತ್ರ ಕೈಯಲ್ಲಿ ಹಿಡಿದರೆ ಖುಷಿಯಾಗುತ್ತದೆ!

ಕೊನೆಗೆ ಕಾಗದಪತ್ರ. 2016ರ ಶಸ್ತ್ರಾಸ್ತ್ರ ನಿಯಮಗಳು ಏರ್ ಪಿಸ್ತೂಲಿಗೂ ಅನ್ವಯಿಸುತ್ತವೆ. ಪೆಲೆಟ್ ಹೊರಡುವ ಶಕ್ತಿ 20 ಜೂಲ್ ಅಥವಾ ಬ್ಯಾರೆಲ್‌ನ ಒಳಗಿನ ಅಡ್ಡಳತೆ 4.5 ಮಿ.ಮೀ. ದಾಟಿದರೆ ಲೈಸೆನ್ಸ್ ಬೇಕು. ಸ್ಪರ್ಧೆಯ ಪಿಸ್ತೂಲ್ ಆ ಮಿತಿಯೊಳಗೇ ಇರುತ್ತದೆ. ಆಮದಿಗೂ ನಿರ್ಬಂಧ ಇದೆ, ಸುಮ್ನೆ ಪಾರ್ಸೆಲ್‌ನಲ್ಲಿ ತರಿಸುವ ಹಾಗಿಲ್ಲ. ಆದ್ದರಿಂದ ಆ ಹಿರಿಯರ ಹತ್ತಿರ ಮೂಲ ಬಿಲ್, ಆಮದಿನ ಕಾಗದ ಕೇಳಿ ಪಡೆಯಿರಿ. ಅದರಲ್ಲಿರುವ ಸಂಖ್ಯೆ ಪಿಸ್ತೂಲಿನ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು. ಮಾರಾಟದ ಬರಹವನ್ನು ಪರವಾನಗಿ ಇರುವ ಡೀಲರ್ ಮೂಲಕವೇ ಮಾಡಿಸಿಕೊಳ್ಳಿ. ದುಡ್ಡು ಕೊಡುವ ಮೊದಲು ಸಿಲಿಂಡರಿನ ಮೇಲೆ ಒತ್ತಿದ ತಾರೀಖನ್ನೂ ಓದಿ. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಮಾತಿನಲ್ಲೇ ಇಳಿಸಿಕೊಳ್ಳಿ.